ಅಂಗಾಲಿನ ಕಮಾನಿಗೆ ಎಷ್ಟು ಆಸರೆ ಬೇಕು? ಹೊಂದಿಸಿಕೊಳ್ಳುವ ಇನ್‌ಸೋಲ್‌ನ ಒಳಗುಟ್ಟು

ಕುರ್ಚಿಯ ಮೇಲೆ ಕೂತು ಒಂದು ಪಾದವನ್ನು ನೆಲಕ್ಕೆ ಊರಿ. ಬಗ್ಗಿ, ಹೆಬ್ಬೆರಳನ್ನು ಮಾತ್ರ ಕೈಯಿಂದ ಮೇಲಕ್ಕೆತ್ತಿ. ಕಣ್ಣು ಪಾದದ ಒಳಬದಿಯ ಮೇಲಿರಲಿ. ಹೆಚ್ಚಿನವರಲ್ಲಿ ಅಂಗಾಲಿನ ನಡುಭಾಗ ತಾನಾಗಿಯೇ ಮೇಲೇಳುತ್ತದೆ. ಬೆರಳು ಬಿಟ್ಟರೆ ಮತ್ತೆ ಇಳಿಯುತ್ತದೆ.

ಶೂ ಒಳಗೆ ಪಾದದ ಅಡಿಗೆ ಹಾಸುವ ಮೆತ್ತೆ, ಅಂದರೆ ಇನ್‌ಸೋಲ್, ವಿನ್ಯಾಸ ಮಾಡಲು ಹೊರಟವರು ಪೆನ್ಸಿಲ್ ಹಿಡಿಯುವ ಮೊದಲು ಈ ಪುಟ್ಟ ಪ್ರಯೋಗವನ್ನು ತಮ್ಮ ಕಾಲಿನ ಮೇಲೇ ಮಾಡಿ ನೋಡಬೇಕು. ಕನ್ನಡದಲ್ಲಿ ಕಮಾನು ಅನ್ನುವ ಪದಕ್ಕೆ ಎರಡು ಅರ್ಥ ಇದೆ ಅಲ್ವಾ? ಬಾಗಿಲ ಮೇಲಿನ ಕಮಾನು ಒಂದು. ಲಾರಿಯ ಅಡಿಯಲ್ಲಿ ಸ್ಪ್ರಿಂಗ್ ಆಗಿ ಕೆಲಸ ಮಾಡುವ ಕಮಾನು ಪಟ್ಟಿ ಇನ್ನೊಂದು. ಮೊದಲನೆಯದು ಅಲುಗಬಾರದು. ಎರಡನೆಯದು ಅಲುಗದಿದ್ದರೆ ಕೆಲಸಕ್ಕೇ ಬಾರದು. ನಮ್ಮ ಅಂಗಾಲಿನದು ಲಾರಿಯ ಜಾತಿಯ ಕಮಾನು. ಆದರೆ ಎಷ್ಟೋ ಇನ್‌ಸೋಲ್‌ಗಳು ಅದನ್ನು ಬಾಗಿಲ ಕಮಾನು ಅಂದುಕೊಂಡು ಕೆಳಗಿನಿಂದ ಊರುಗೋಲು ಕೊಡುತ್ತವೆ. ಲಾರಿಯ ಕಮಾನು ಪಟ್ಟಿಯ ಕೆಳಗೆ ಕಲ್ಲು ಇಟ್ಟು ಓಡಿಸಿದರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ.

ಆಸರೆಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುವ ಸೌಲಭ್ಯ ಇರುವ ಇನ್‌ಸೋಲ್ ಮಾಡುವಾಗ ಈ ತಪ್ಪು ಇನ್ನೂ ಸುಲಭವಾಗಿ ಆಗುತ್ತದೆ. ಏಕೆಂದರೆ ಹೊಂದಿಸುವುದು ಅಂದ ತಕ್ಷಣ ನಮಗೆ ಹೊಳೆಯುವುದು ಎತ್ತರ ಒಂದೇ. ಎತ್ತರ ಬೇರೆ, ಆಸರೆ ಬೇರೆ.

ಬಿಲ್ಲು ಮತ್ತು ಹೆದೆ

ಒಂದು ಪಾದದಲ್ಲಿ 26 ಮೂಳೆಗಳಿವೆ. ಅವು ಸೇರಿ ಮೂರು ಕಮಾನು ಆಗುತ್ತವೆ. ಒಳಬದಿಯ ಉದ್ದದ ಕಮಾನು ದೊಡ್ಡದು. ಹೊರಬದಿಯದು ಚಪ್ಪಟೆ. ಮೂರನೆಯದು ಪಾದಕ್ಕೆ ಅಡ್ಡಲಾಗಿದೆ. ಇನ್‌ಸೋಲ್ ಮಾಡುವವರ ಗಮನವೆಲ್ಲ ಒಳಬದಿಯ ಕಮಾನಿನ ಮೇಲೆ. ಅದರ ನೆತ್ತಿಯಲ್ಲಿ ನೇವಿಕ್ಯುಲರ್ ಎಂಬ ದೋಣಿಯಂಥ ಸಣ್ಣ ಮೂಳೆ ಇದೆ. ಕಣಕಾಲಿನ ಒಳಬದಿಯ ಗಂಟಿನಿಂದ ಸ್ವಲ್ಪ ಮುಂದಕ್ಕೆ, ಕೆಳಕ್ಕೆ ಬೆರಳು ಸರಿಸಿದರೆ ಒಂದು ಉಬ್ಬು ಸಿಗುತ್ತದೆ. ಅದೇ ಈ ಮೂಳೆ.

ಹಿಮ್ಮಡಿಯಿಂದ ಬೆರಳ ಬುಡದವರೆಗೆ ಅಂಗಾಲಿನ ಉದ್ದಕ್ಕೂ ಗಟ್ಟಿ ಪಟ್ಟಿಯೊಂದು ಓಡುತ್ತದೆ. ಅದರ ಹೆಸರು ಪ್ಲಾಂಟರ್ ಫೇಶಿಯಾ. ಮೂಳೆಗಳ ಸಾಲು ಬಿಲ್ಲು ಎಂದುಕೊಂಡರೆ ಇದು ಹೆದೆ. ಹೆಬ್ಬೆರಳು ಎತ್ತಿದಾಗ ಈ ಹೆದೆ ಬೆರಳ ಬುಡದ ಸುತ್ತ ಸುತ್ತಿಕೊಳ್ಳುತ್ತದೆ. ಬಿಲ್ಲಿನ ಎರಡು ತುದಿಗಳು ಹತ್ತಿರ ಬರುತ್ತವೆ, ನಡು ಮೇಲೇಳುತ್ತದೆ. ಜೆ. ಎಚ್. ಹಿಕ್ಸ್ ಇದನ್ನು 1954ರಲ್ಲಿ ವಿವರಿಸಿ, ಹಗ್ಗ ಸುತ್ತುವ ರಾಟೆಯ ಇಂಗ್ಲಿಷ್ ಹೆಸರಾದ ವಿಂಡ್ಲಸ್ ಎಂದೇ ಕರೆದರು. ನಡೆಯುವಾಗ ಹಿಮ್ಮಡಿ ನೆಲ ಬಿಟ್ಟು, ಬೆರಳುಗಳು ಬಾಗುವ ಹೊತ್ತಿನಲ್ಲಿ ಪ್ರತಿ ಹೆಜ್ಜೆಗೂ ಇದೇ ನಡೆಯುತ್ತದೆ. ಮೆತ್ತಗಿದ್ದ ಪಾದ ಒಮ್ಮೆಗೆ ಬಿಗಿಯಾಗಿ ದೇಹವನ್ನು ಮುಂದಕ್ಕೆ ನೂಕುತ್ತದೆ.

ಅಂಗಾಲಿನ ಕಮಾನು ಲಾರಿಯದರಂತೆ ಸ್ಪ್ರಿಂಗ್ ಅನ್ನುವುದು ಸುಮ್ಮನೆ ಹೋಲಿಕೆಗೆ ಹೇಳಿದ ಮಾತಲ್ಲ. ಆರ್. ಎಫ್. ಕೆರ್, ಆರ್. ಮೆಕ್‌ನೀಲ್ ಅಲೆಕ್ಸಾಂಡರ್ ಮತ್ತು ಜೊತೆಗಾರರು ಇದನ್ನು ಅಳೆದು 1987ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಮಾರು 70 ಕೆ.ಜಿ. ತೂಕದ ವ್ಯಕ್ತಿ ಸೆಕೆಂಡಿಗೆ 4.5 ಮೀಟರ್ ವೇಗದಲ್ಲಿ ಓಡುವಾಗ, ಪಾದ ನೆಲ ಮುಟ್ಟಿದ ಪ್ರತಿ ಸಲ ಸುಮಾರು 100 ಜೌಲ್ ಶಕ್ತಿ ಇಳಿದು ಏರುತ್ತದೆ. ಅದರಲ್ಲಿ ಸುಮಾರು 35 ಜೌಲ್ ಹಿಮ್ಮಡಿಯ ಹಿಂದಿನ ಗಟ್ಟಿ ನಾರಾದ ಅಕಿಲಿಸ್ ಟೆಂಡನ್‌ನಲ್ಲಿ, 17 ಜೌಲ್ ಅಂಗಾಲಿನ ಕಮಾನಿನಲ್ಲಿ ಕೂಡಿಟ್ಟು ವಾಪಸ್ ಸಿಗುತ್ತದೆ. ಕಮಾನು ಪೂರ್ತಿ ಇಳಿಯದಂತೆ ಗಟ್ಟಿ ಉಬ್ಬೊಂದನ್ನು ಕೊಟ್ಟರೆ ಈ ಉಳಿತಾಯಕ್ಕೇ ಕೈ ಹಾಕಿದ ಹಾಗೆ.

ಅಡ್ಡ ಕಮಾನನ್ನೂ ಮರೆಯುವಂತಿಲ್ಲ. ಒಂದು ಹಾಳೆಯ ತುದಿಯನ್ನು ಚಪ್ಪಟೆಯಾಗಿ ಹಿಡಿದರೆ ಇನ್ನೊಂದು ತುದಿ ಜೋತು ಬೀಳುತ್ತದೆ. ಹಿಡಿದ ತುದಿಯನ್ನು ಸ್ವಲ್ಪ ದೋಣಿಯಂತೆ ಬಾಗಿಸಿ ನೋಡಿ. ಹಾಳೆ ನೆಟ್ಟಗೆ ನಿಲ್ಲುತ್ತದೆ. ಪಾದವೂ ಹೀಗೇ ಬಿಗುವು ಪಡೆಯುತ್ತದೆ ಎಂದು ಮಧುಸೂದನ್ ವೆಂಕಟೇಶನ್ ಮತ್ತು ಜೊತೆಗಾರರು 2020ರಲ್ಲಿ ತೋರಿಸಿದರು. ಪಾದದ ಉದ್ದನೆಯ ಬಿಗುವಿನಲ್ಲಿ ಶೇ. 40ಕ್ಕಿಂತ ಜಾಸ್ತಿ ಈ ಅಡ್ಡ ಕಮಾನಿನಿಂದ ಬರುತ್ತದಂತೆ. ಒಳಬದಿಯನ್ನು ಮಾತ್ರ ಎತ್ತುತ್ತಾ ಹೋಗುವ ಇನ್‌ಸೋಲ್ ಪಾದದ ಅರ್ಧ ಕಥೆಯನ್ನಷ್ಟೇ ಓದಿದೆ ಎಂದೇ ಹೇಳಬೇಕು.

ಎಷ್ಟು ಇಳಿಯಲು ಬಿಡಬೇಕು

ಕೂತಾಗ ನೇವಿಕ್ಯುಲರ್ ಮೂಳೆಯ ಉಬ್ಬಿನ ಮೇಲೆ ಪೆನ್ನಿನಿಂದ ಚುಕ್ಕೆ ಇಟ್ಟು, ನೆಲದಿಂದ ಅದರ ಎತ್ತರ ಅಳೆಯಿರಿ. ಎದ್ದು ನಿಂತು ಮತ್ತೆ ಅಳೆಯಿರಿ. ಚುಕ್ಕೆ ಕೆಳಗಿಳಿದಿರುತ್ತದೆ. ಇಳಿತ ಸುಮಾರು 10 ಮಿ.ಮೀ. ದಾಟಿದರೆ ಜಾಸ್ತಿ ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ವಿನ್ಯಾಸ ಮಾಡುವವರಿಗೆ ಈ ಒಂದು ಸಂಖ್ಯೆ ಬಂಗಾರ. ಒದ್ದೆ ಪಾದದ ಗುರುತು ನೋಡಿ ಕಮಾನು ಎತ್ತರವೋ ತಗ್ಗೋ ಅಂತ ಹೇಳುವ ಪದ್ಧತಿ ಇದೆ. ಅದು ನಿಂತ ಆಕಾರವನ್ನಷ್ಟೇ ಹೇಳುತ್ತದೆ, ಚಲನೆಯನ್ನು ಹೇಳುವುದಿಲ್ಲ.

ಒಬ್ಬರ ಕಮಾನು 8 ಮಿ.ಮೀ. ಇಳಿಯುತ್ತದೆ ಎಂದುಕೊಳ್ಳೋಣ. ಕೂತಾಗಿನ ಆಕಾರಕ್ಕೆ ಸರಿಯಾಗಿ, ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಇನ್‌ಸೋಲ್ ಮಾಡಿದರೆ ಆ 8 ಮಿ.ಮೀ. ಪೂರ್ತಿ ಬಂದ್. ನಿಂತಾಗಿನ ಆಕಾರಕ್ಕೆ ಮಾಡಿದರೆ ಆಸರೆಯೇ ಸಿಗುವುದಿಲ್ಲ. ಒಳ್ಳೆಯ ಇನ್‌ಸೋಲ್ ಮೊದಲ ಮೂರ್ನಾಲ್ಕು ಮಿ.ಮೀ. ಇಳಿತವನ್ನು ಬಿಟ್ಟುಬಿಡುತ್ತದೆ. ಆಮೇಲೆ ಮೆತ್ತಗೆ ಎದುರು ಒತ್ತಲು ಶುರು ಮಾಡುತ್ತದೆ. ಇಳಿದಷ್ಟೂ ಸ್ವಲ್ಪ ಸ್ವಲ್ಪ ಬಿಗಿಯಾಗುತ್ತದೆ. ಎತ್ತುವ ಕೈಗಿಂತ ಬೀಳುವಾಗ ಹಿಡಿಯುವ ಕೈ ಬೇಕು.

ಇನ್ನೊಂದು ಮಾತು. ಕಮಾನು ತಗ್ಗಾಗಿದ್ದರೆ ಅದೇ ಒಂದು ಕಾಯಿಲೆ ಅಲ್ಲ. ಪುಟ್ಟ ಮಕ್ಕಳ ಪಾದ ಚಪ್ಪಟೆಯಾಗಿಯೇ ಇರುತ್ತದೆ, ಬೆಳೆಯುತ್ತಾ ಕಮಾನು ಮೂಡುತ್ತದೆ. ಚಪ್ಪಟೆ ಪಾದದ ಎಷ್ಟೋ ದೊಡ್ಡವರು ಯಾವ ನೋವೂ ಇಲ್ಲದೆ ನಡೆದಾಡಿಕೊಂಡಿದ್ದಾರೆ. ನೋವಿಲ್ಲದ ಪಾದವನ್ನು ತಿದ್ದಲು ಹೋಗಬೇಡಿ.

ಮೂರು ಗುಂಡಿಗಳು ಬೇಕು

ರೇಡಿಯೊಗೆ ವಾಲ್ಯೂಮ್ ಗುಂಡಿ ಒಂದನ್ನೇ ಕೊಟ್ಟು, ಸ್ಟೇಷನ್ ಹುಡುಕುವ ಗುಂಡಿ ಕೊಡದಿದ್ದರೆ ಹೇಗೆ? ಎತ್ತರ ಮಾತ್ರ ಬದಲಾಗುವ ಇನ್‌ಸೋಲ್ ಹಾಗೇ. ಜಾಗ, ಎತ್ತರ, ಬಿಗುವು: ಮೂರನ್ನೂ ಬೇರೆ ಬೇರೆಯಾಗಿ ಹೊಂದಿಸಲು ಬರಬೇಕು.

ಜಾಗದಿಂದ ಶುರು ಮಾಡೋಣ. ಹಳೆಯ ಶೂ ಅಂಗಡಿಗಳಲ್ಲಿ ಪಾದ ಇಟ್ಟು ಅಳೆಯುವ ಲೋಹದ ಸಾಧನ ಇರುತ್ತಿತ್ತು. ಅಮೆರಿಕದ ಚಾರ್ಲ್ಸ್ ಬ್ರಾನಕ್ 1920ರ ದಶಕದಲ್ಲಿ ಅದನ್ನು ರೂಪಿಸಿದರು. ಅದು ಎರಡು ಉದ್ದಗಳನ್ನು ಅಳೆಯುತ್ತದೆ. ಹಿಮ್ಮಡಿಯಿಂದ ಬೆರಳ ತುದಿಗೆ ಒಂದು, ಹಿಮ್ಮಡಿಯಿಂದ ಹೆಬ್ಬೆರಳ ಬುಡಕ್ಕೆ ಇನ್ನೊಂದು. ಒಂದೇ ಸೈಜಿನ ಶೂ ಹಾಕುವ ಇಬ್ಬರಲ್ಲಿ ಒಬ್ಬರದು ಉದ್ದ ಬೆರಳು, ಇನ್ನೊಬ್ಬರದು ಗಿಡ್ಡ ಬೆರಳು ಆಗಿದ್ದರೆ ಕಮಾನಿನ ನೆತ್ತಿ ಬೇರೆ ಬೇರೆ ಕಡೆ ಇರುತ್ತದೆ. ಇನ್‌ಸೋಲ್‌ನ ಉಬ್ಬು 1 ಸೆಂ.ಮೀ. ಮುಂದಕ್ಕೆ ಬಂದರೂ ಅದು ಕಮಾನನ್ನು ಬಿಟ್ಟು ಹೆಬ್ಬೆರಳ ಹಿಂದಿನ ಮೂಳೆಯನ್ನು ಒತ್ತುತ್ತದೆ. ಆ ಮೂಳೆ ಕೆಳಗಿಳಿಯಲು ಆಗದಿದ್ದರೆ ಹೆದೆ ಸುತ್ತಿಕೊಳ್ಳುವ ಆಟವೇ ನಿಲ್ಲುತ್ತದೆ. ಹಾಗಾಗಿ ಉಬ್ಬಿನ ಶಿಖರ ನೇವಿಕ್ಯುಲರ್‌ಗಿಂತ ಸ್ವಲ್ಪ ಹಿಂದೆ, ಹಿಮ್ಮಡಿಯ ಕಡೆಗೆ ಇರಲಿ. ಹಿಂದೆ ಮುಂದೆ ಸುಮಾರು 10 ಮಿ.ಮೀ. ಸರಿಸಲು ಬರುವ ಹಾಗಿರಲಿ. ಮಾಡಲು ಇದರಷ್ಟು ಸುಲಭದ ಹೊಂದಾಣಿಕೆ ಇನ್ನೊಂದಿಲ್ಲ. ಹೆದೆ ತುಂಬಾ ಬಿಗಿಯಾಗಿ ಎದ್ದು ಕಾಣುವವರಿಗೆ ಉಬ್ಬಿನ ನಡುವೆ ಒಂದು ತೋಡು ಬಿಟ್ಟರೆ ಒತ್ತುವುದು ತಪ್ಪುತ್ತದೆ.

ಬಿಗುವು ಇನ್ನೂ ಸೂಕ್ಷ್ಮ. ತೆಳ್ಳನೆಯ ಪಟ್ಟಿಯೊಂದನ್ನು ಎರಡು ತುದಿಯಲ್ಲಿ ಊರಿ ನಡುವೆ ಒತ್ತಿದರೆ ಎಷ್ಟು ಬಾಗುತ್ತದೆ ಅನ್ನುವುದಕ್ಕೆ ಒಂದು ಚಂದದ ನಿಯಮ ಇದೆ. ದಪ್ಪ ಎರಡು ಪಟ್ಟಾದರೆ ಬಿಗುವು ಎಂಟು ಪಟ್ಟು. ಆಸರೆಗಳ ನಡುವಿನ ದೂರ ಅರ್ಧ ಆದರೂ ಬಿಗುವು ಎಂಟು ಪಟ್ಟು. 2 ಮಿ.ಮೀ. ಪಟ್ಟಿಯ ಬದಲು 2.5 ಮಿ.ಮೀ. ಪಟ್ಟಿ ಹಾಕಿದರೆ ಬಿಗುವು ಹೆಚ್ಚು ಕಡಿಮೆ ಇಮ್ಮಡಿ ಆಗುತ್ತದೆ. ಕಣ್ಣಿಗೆ ಕಾಣದ ಅರ್ಧ ಮಿ.ಮೀ. ಅಷ್ಟು ದೊಡ್ಡ ಬದಲಾವಣೆ ತರುತ್ತದೆ. ಹಾಗೆಯೇ 80 ಮಿ.ಮೀ. ಅಂತರದ ಆಸರೆಗಳನ್ನು 64 ಮಿ.ಮೀ.ಗೆ ಹತ್ತಿರ ತಂದರೆ ಅದೇ ಇಮ್ಮಡಿ ಸಿಗುತ್ತದೆ, ಪಟ್ಟಿ ಬದಲಿಸದೆಯೇ.

ಯಂತ್ರದ ಆಯ್ಕೆ

ಎತ್ತರ ಬದಲಿಸಲು ಬೇಕಾದಷ್ಟು ದಾರಿಗಳಿವೆ. ಗಾಳಿ ತುಂಬುವುದು ಮೊದಲ ನೋಟಕ್ಕೆ ತುಂಬಾ ಆಕರ್ಷಕ. 1989ರಲ್ಲಿ ರೀಬಾಕ್‌ನ ಪಂಪ್ ಶೂ ಬಂದು, ಶೂ ಒಳಗೆ ಗಾಳಿ ತುಂಬಿ ಬಿಗಿ ಮಾಡಿಕೊಳ್ಳುವ ಕಲ್ಪನೆಯನ್ನು ಮನೆಮಾತಾಗಿಸಿತು. ಆದರೆ ಕಮಾನಿನ ಕೆಳಗೆ ಗಾಳಿಯ ಚೀಲ ಇಟ್ಟರೆ ಎತ್ತರ ಮತ್ತು ಬಿಗುವು ಒಂದಕ್ಕೊಂದು ಗಂಟು ಬೀಳುತ್ತವೆ. ಎತ್ತರ ಬೇಕೆಂದು ಗಾಳಿ ತುಂಬಿದರೆ ಬಿಗುವೂ ಏರುತ್ತದೆ. ಎರಡನ್ನು ಬೇರ್ಪಡಿಸಲು ಬರುವುದಿಲ್ಲ. ಜೊತೆಗೆ ಗಾಳಿಗೆ ಬಲೂನಿನಂತೆ ಗುಂಡಗಾಗುವ ಚಾಳಿ. ಅಂಗಾಲಿನ ಆಕಾರ ಗುಂಡಗಿಲ್ಲ. ನಿಧಾನವಾಗಿ ಸೋರುವುದಂತೂ ಇದ್ದೇ ಇದೆ.

ಸ್ಕ್ರೂ ನಿಖರ. 3 ಮಿ.ಮೀ. ವ್ಯಾಸದ ಸಾಮಾನ್ಯ ಸ್ಕ್ರೂ ಒಂದು ಸುತ್ತಿಗೆ ಅರ್ಧ ಮಿ.ಮೀ. ಏರುತ್ತದೆ. ನಾಲ್ಕು ಸುತ್ತಿಗೆ 2 ಮಿ.ಮೀ. ತೊಂದರೆ ಎರಡು. ಅದು ಒಂದೇ ಬಿಂದುವಿನಲ್ಲಿ ಒತ್ತುತ್ತದೆ, ಮೇಲೊಂದು ಹರಡುವ ತಟ್ಟೆ ಇಲ್ಲದಿದ್ದರೆ ಕಲ್ಲು ತುಳಿದ ಹಾಗಾಗುತ್ತದೆ. ಮತ್ತೆ, ಹೆಜ್ಜೆ ಹೆಜ್ಜೆಗೂ ಆಗುವ ಬಡಿತಕ್ಕೆ ಮೆಲ್ಲಗೆ ಸಡಿಲಾಗುತ್ತದೆ.

ಬೆಣೆ ನನಗೆ ಸ್ಕ್ರೂಗಿಂತ ಇಷ್ಟ. ನಾಲ್ಕಕ್ಕೆ ಒಂದು ಇಳಿಜಾರಿನ ಬೆಣೆಯನ್ನು 4 ಮಿ.ಮೀ. ಒಳಕ್ಕೆ ತಳ್ಳಿದರೆ ಮೇಲಿನ ತಟ್ಟೆ 1 ಮಿ.ಮೀ. ಏರುತ್ತದೆ. ಉದ್ದಕ್ಕೂ ಒಂದೇ ಸಮ ಎತ್ತುತ್ತದೆ. ಅದು ತಾನಾಗಿ ಹಿಂದೆ ಜಾರಬಾರದು ಅಂದರೆ ಘರ್ಷಣೆಯ ಗುಣಾಂಕ ಇಳಿಜಾರಿಗಿಂತ, ಅಂದರೆ ಇಲ್ಲಿ 0.25ಕ್ಕಿಂತ, ಜಾಸ್ತಿ ಇರಬೇಕು. ನುಣುಪಾದ ಪ್ಲಾಸ್ಟಿಕ್ ಮೇಲೆ ಪ್ಲಾಸ್ಟಿಕ್ ಇಟ್ಟರೆ ಆ ಗ್ಯಾರಂಟಿ ಇಲ್ಲ, ಬೆವರು ಸೇರಿದರೆ ಇನ್ನೂ ಇಲ್ಲ. ಹಾಗಾಗಿ 4 ಮಿ.ಮೀ.ಗೆ ಒಂದರಂತೆ ಗರಗಸದ ಹಲ್ಲು ಕೊಡಿ. ಒಂದು ಹಲ್ಲು, ಒಂದು ಕ್ಲಿಕ್, ಒಂದು ಮಿ.ಮೀ. ಹಾಕಿಕೊಳ್ಳುವವರಿಗೂ ಲೆಕ್ಕ ಸುಲಭ.

ಎಲ್ಲಕ್ಕಿಂತ ಸರಳವಾದದ್ದು ವೆಲ್ಕ್ರೊ ಹಚ್ಚಿದ ಬಿಲ್ಲೆಗಳು. ತೆಳ್ಳಗಿನದು, ನಡುವಿನದು, ದಪ್ಪದ್ದು. ಬೇಕಾದದ್ದನ್ನು ಬೇಕಾದ ಜಾಗದಲ್ಲಿ ಅಂಟಿಸಿ. ಇದನ್ನು ಯಾರೂ ಹೊಸ ಆವಿಷ್ಕಾರ ಅನ್ನುವುದಿಲ್ಲ. ಆದರೆ ಕೆಟ್ಟುಹೋಗಲು ಇದರಲ್ಲಿ ಏನೂ ಇಲ್ಲ. ಜಾಗ ಮತ್ತು ಎತ್ತರ ಎರಡೂ ಒಟ್ಟಿಗೆ ಬಗೆಹರಿಯುತ್ತವೆ.

ನಾನು ಆರಿಸುವ ಜೋಡಣೆ ಹೀಗಿದೆ. ಕಮಾನಿನ ಕೆಳಗೆ ಒಂದು ತೆಳ್ಳನೆಯ ಚಪ್ಪಟೆ ಪಟ್ಟಿ, ನೈಲಾನ್‌ದೋ ಕಾರ್ಬನ್ ಫೈಬರ್‌ದೋ. ಅದರ ಕೆಳಗೆ ಬಾಗಲು ನಾಲ್ಕೈದು ಮಿ.ಮೀ. ಖಾಲಿ ಜಾಗ. ಪಟ್ಟಿಯ ಮೇಲೆ ವೆಲ್ಕ್ರೊದಿಂದ ಕೂರುವ ಮೆತ್ತನೆಯ ಬಿಲ್ಲೆ. ಅದನ್ನು ಸರಿಸಿದರೆ ಜಾಗ, ಬದಲಿಸಿದರೆ ಎತ್ತರ. ಪಟ್ಟಿಯ ಅಡಿಯಲ್ಲಿ ಎರಡು ಸಣ್ಣ ಅಡ್ಡಪಟ್ಟಿಗಳು ಹಳಿಯ ಮೇಲೆ ಹತ್ತಿರ ದೂರ ಸರಿಯುತ್ತವೆ. ಅವು ಹತ್ತಿರ ಬಂದರೆ ಬಿಗುವು ಏರುತ್ತದೆ, ದೂರ ಹೋದರೆ ಇಳಿಯುತ್ತದೆ. ಎತ್ತರ ಒಂದು ಕೂದಲೂ ಬದಲಾಗುವುದಿಲ್ಲ. ಮೂರು ಗುಂಡಿಗಳೂ ಬೇರೆ ಬೇರೆ. ಲಾರಿಯ ಕಮಾನು ಪಟ್ಟಿಯೇ ಶೂ ಒಳಗೆ ಬಂದು ಕೂತ ಹಾಗೆ.

ಇಷ್ಟಕ್ಕೆಲ್ಲ ಶೂ ಒಳಗೆ ಜಾಗ ಎಲ್ಲಿದೆ ಅಂತ ಕೇಳಬಹುದು. ಕಮಾನಿನ ಕೆಳಗೆ ಮಾತ್ರ ಇದೆ. ಹಿಮ್ಮಡಿಯ ಕೆಳಗೆ ನಾಲ್ಕು ಮಿ.ಮೀ.ಗಿಂತ ಜಾಸ್ತಿ ಸೇರಿಸಿದರೆ ಹಿಮ್ಮಡಿ ಶೂನಿಂದ ಮೇಲೆ ಜಾರಲು ಶುರುವಾಗುತ್ತದೆ. ಬೆರಳ ಕೆಳಗೆ ಸೇರಿಸಿದರೆ ಉಗುರು ಮೇಲೆ ತಾಗುತ್ತದೆ. ಶೂ ಜೊತೆ ಬಂದ ಮೂಲ ಇನ್‌ಸೋಲ್ ತೆಗೆದೇ ಹೊಸದನ್ನು ಹಾಕಬೇಕು. ಶೂವಿನ ಅಟ್ಟೆ ತುಂಬಾ ಮೆತ್ತಗಿದ್ದರೆ ಯಂತ್ರವೇ ಅದರೊಳಗೆ ಹುದುಗಿ, ನೀವು ಕೊಟ್ಟ 3 ಮಿ.ಮೀ. ಪಾದಕ್ಕೆ 2 ಆಗಿ ಸಿಗುತ್ತದೆ. ಆದ್ದರಿಂದ ಇನ್‌ಸೋಲನ್ನು ಮೇಜಿನ ಮೇಲೆ ಅಳೆದು ಸಾಲದು, ಶೂ ಒಳಗೇ ಅಳೆಯಬೇಕು.

ಹಿಮ್ಮಡಿಯ ಪಾತ್ರವೂ ದೊಡ್ಡದು. ಹಿಮ್ಮಡಿ ಒಳಕ್ಕೆ ವಾಲಿದರೆ ಕಮಾನು ಅದರ ಹಿಂದೆಯೇ ಇಳಿಯುತ್ತದೆ. ಅಂಥವರಿಗೆ ನಡುಪಾದವನ್ನು ಎಷ್ಟು ಎತ್ತಿದರೂ ಅಂಗಾಲು ನೋಯುತ್ತದೆಯೇ ಹೊರತು ವಾಲುವುದು ಕಡಿಮೆ ಆಗುವುದಿಲ್ಲ. ಹಿಮ್ಮಡಿ ಕೂರುವ ಬಟ್ಟಲು ಆಳವಾಗಿರಲಿ. ಒಳಬದಿಗೆ ತೆಳ್ಳನೆಯ ಬೆಣೆ ಸೇರಿಸಿದರೆ, ಕಮಾನನ್ನು ಮುಟ್ಟದೆಯೇ ಅದು ಮೇಲೆ ಬರುತ್ತದೆ. ಪಾದದ ವೈದ್ಯ ಕೆವಿನ್ ಕರ್ಬಿ 1992ರಲ್ಲಿ ವಿವರಿಸಿದ ಹಿಮ್ಮಡಿಯ ಒಳಬದಿಯ ಇಳಿಜಾರು ಇದೇ ತತ್ವದ ಮೇಲೆ ನಿಂತಿದೆ.

ಸವೆತದ ಲೆಕ್ಕ

ದಿನಕ್ಕೆ 7,000 ಹೆಜ್ಜೆ ಎಂದರೆ ಒಂದು ಪಾದಕ್ಕೆ 3,500. ವರ್ಷಕ್ಕೆ ಸುಮಾರು 12.8 ಲಕ್ಷ ಸಲ ಒತ್ತು, ಬಿಡು. ನಡೆಯುವಾಗ ನೆಲದ ಎದುರೊತ್ತು ದೇಹದ ತೂಕಕ್ಕಿಂತ ಸ್ವಲ್ಪ ಜಾಸ್ತಿ. ಓಡುವಾಗ ಎರಡರಿಂದ ಮೂರು ಪಟ್ಟು. ಶೂಗಳಲ್ಲಿ ಬಳಸುವ ಮೆತ್ತನೆಯ ಇವಿಎ ಫೋಮ್ ಹಗುರ, ಕತ್ತರಿಸಲು ಸುಲಭ. ಆದರೆ ಒತ್ತಿಸಿಕೊಂಡು ಒತ್ತಿಸಿಕೊಂಡು ಶಾಶ್ವತವಾಗಿ ತೆಳ್ಳಗಾಗುತ್ತದೆ. 1 ಮಿ.ಮೀ. ಸದ್ದಿಲ್ಲದೆ ಕರಗಿಹೋದರೆ ಹಾಕಿಕೊಂಡವರು ಇನ್ನೊಂದು ಕ್ಲಿಕ್ ಏರಿಸುತ್ತಾರೆ. ಕೆಲವು ತಿಂಗಳಲ್ಲಿ ಮತ್ತೊಂದು. ಹಾಗಾಗಿ ಆಕಾರ ಹಿಡಿಯುವ ಕೆಲಸ ಪಟ್ಟಿಗೆ, ಮೆತ್ತಗಿರುವ ಕೆಲಸ ಮಾತ್ರ ಫೋಮಿಗೆ. ಬೆವರಿನ ಉಪ್ಪು ಸಾಮಾನ್ಯ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಲೋಹ ಬೇಕೇ ಬೇಕು ಅಂದರೆ ಸ್ಟೇನ್‌ಲೆಸ್ ಸ್ಟೀಲ್. 3ಡಿ ಪ್ರಿಂಟಿಂಗ್‌ನಲ್ಲಿ ಜಾಲರಿಯಂಥ ಬಿಲ್ಲೆ ಮಾಡಿ, ಕಡ್ಡಿಗಳ ದಪ್ಪ ಬದಲಿಸಿ ಒಂದೇ ವಸ್ತುವಿನಲ್ಲಿ ಮೆತ್ತನೆ, ಗಟ್ಟಿ ಎರಡನ್ನೂ ತರಬಹುದು.

ಎಲ್ಲಿ ನಿಲ್ಲಿಸಬೇಕು

ಗುಂಡಿ ಕೊಟ್ಟರೆ ಸಾಲದು, ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಹಾಕಿಕೊಂಡವರಿಗೆ ತಿಳಿಯಬೇಕು. ಜಾಸ್ತಿ ಒತ್ತಿದರೆ ಜಾಸ್ತಿ ಆಸರೆ ಎಂದು ಮನಸ್ಸು ನಂಬುತ್ತದೆ. ಒತ್ತಡ ಅನಿಸುವುದು ಚರ್ಮಕ್ಕೆ. ಕೆಲಸ ಆಗಬೇಕಾದದ್ದು ಮೂಳೆಗೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಅವರು ಹಿತ ಅನಿಸುವುದನ್ನೇ ಆಯ್ಕೆಯ ದಾರಿದೀಪ ಮಾಡಿಕೊಳ್ಳಿ ಎಂದು ವಾದಿಸುತ್ತಾ ಬಂದವರು. ನನಗೂ ಅದು ಸರಿ ಅನಿಸುತ್ತದೆ.

ಇದಕ್ಕೆ ಪೂರಕವಾದ ಒಂದು ಅಧ್ಯಯನ ಇದೆ. ಆಸ್ಟ್ರೇಲಿಯದಲ್ಲಿ ಕಾರ್ಲ್ ಲ್ಯಾಂಡಾರ್ಫ್ ಮತ್ತು ಜೊತೆಗಾರರು ಹಿಮ್ಮಡಿ ನೋವಿನ 135 ಜನರನ್ನು ಮೂರು ಗುಂಪು ಮಾಡಿ, ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಹೆಸರಿಗಷ್ಟೇ ಇರುವ ಮೆತ್ತನೆಯ ಇನ್‌ಸೋಲ್, ಇನ್ನೊಂದಕ್ಕೆ ರೆಡಿಮೇಡ್, ಮತ್ತೊಂದಕ್ಕೆ ಅವರವರ ಪಾದದ ಅಚ್ಚು ತೆಗೆದು ಮಾಡಿದ್ದು. ಮೂರು ತಿಂಗಳಲ್ಲಿ ಎರಡನೆಯ, ಮೂರನೆಯ ಗುಂಪಿನವರ ಓಡಾಟ ಸ್ವಲ್ಪ ಸುಧಾರಿಸಿತ್ತು, ಎರಡೂ ಹೆಚ್ಚು ಕಡಿಮೆ ಒಂದೇ. ಹನ್ನೆರಡು ತಿಂಗಳ ಹೊತ್ತಿಗೆ ಮೂರು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಅಚ್ಚಿನಷ್ಟು ಕರಾರುವಾಕ್ಕಾದ ಆಕಾರಕ್ಕೆ ನಾವು ಕೊಡುವ ಬೆಲೆ ಸ್ವಲ್ಪ ಜಾಸ್ತಿಯೇ ಇರಬಹುದು. ಹೊಂದಿಸಿಕೊಳ್ಳುವ ಇನ್‌ಸೋಲ್ ಮೇಲೆ ನನಗೆ ಭರವಸೆ ಹುಟ್ಟುವುದೂ ಇದರಿಂದಲೇ.

ಬಳಕೆಯ ಕ್ರಮವನ್ನು ವಿನ್ಯಾಸದಲ್ಲೇ ಸೇರಿಸಿಬಿಡಿ. ಪೆಟ್ಟಿಗೆಯಿಂದ ತೆಗೆದಾಗ ಗುಂಡಿ ಅತಿ ಕಡಿಮೆಯಲ್ಲಿರಲಿ. ಮೊದಲ ದಿನ ಒಂದೆರಡು ಗಂಟೆ ಸಾಕು. ಎರಡು ಮೂರು ದಿನಕ್ಕೆ ಒಂದೇ ಕ್ಲಿಕ್. ಎಡ, ಬಲ ಪಾದಗಳು ಒಂದೇ ತರ ಇರುವುದಿಲ್ಲ, ಆದ್ದರಿಂದ ಎರಡಕ್ಕೂ ಬೇರೆ ಬೇರೆ ಸಂಖ್ಯೆ ಕಾಣುವಂತಿರಲಿ.

ಒಂದು ಕಡೆ ಮಾತ್ರ ರಾಜಿ ಬೇಡ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಈ ಗುಂಡಿಗಳನ್ನು ಕೊಡಬಾರದು. ಹಿತ, ಅಹಿತ ಹೇಳುವ ನರವೇ ಸುಮ್ಮನಾಗಿರುತ್ತದೆ. ಉಬ್ಬು ಚರ್ಮವನ್ನು ಕೊರೆದರೂ ಗೊತ್ತಾಗುವುದಿಲ್ಲ, ಹುಣ್ಣು ಕಣ್ಣಿಗೆ ಬಿದ್ದ ಮೇಲೇ ತಿಳಿಯುತ್ತದೆ. ವೈದ್ಯರು 10 ಗ್ರಾಂ ಒತ್ತಿಗೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ ಸ್ಪರ್ಶ ಪರೀಕ್ಷಿಸುತ್ತಾರೆ. ಅಂಥವರ ಶೂ ಒಳಗೆ ಎಲ್ಲಿಯೂ ಒತ್ತಡ 200 ಕಿಲೊಪಾಸ್ಕಲ್ ದಾಟಬಾರದು ಅನ್ನುವುದು ಒಪ್ಪಿತ ಗುರಿ. ಅದನ್ನು ಅಳೆಯಲು ಸೆನ್ಸರ್ ಬೇಕು, ನುರಿತ ಕೈ ಬೇಕು. ಅವರಿಗಾಗಿ ಬೀಗ ಹಾಕಬಲ್ಲ ಮಾದರಿ ಮಾಡಿ, ಕೀಲಿ ವೈದ್ಯರ ಬಳಿ ಇರಲಿ.

ಉಳಿದವರಿಗೆ ಮಾದರಿ ತಯಾರಾದ ಮೇಲೆ ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ ಪರೀಕ್ಷೆ ಒಂದಿದೆ. ಇನ್‌ಸೋಲನ್ನು ನೆಲದ ಮೇಲಿಟ್ಟು ಬರಿಗಾಲಲ್ಲಿ ಅದರ ಮೇಲೆ ನಿಲ್ಲಿ. ಇನ್ನೊಬ್ಬರಿಗೆ ನಿಮ್ಮ ಹೆಬ್ಬೆರಳು ಎತ್ತಲು ಹೇಳಿ. ಆಮೇಲೆ ಬರಿ ನೆಲದ ಮೇಲೆ ನಿಂತು ಇನ್ನೊಮ್ಮೆ ಎತ್ತಿಸಿಕೊಳ್ಳಿ. ನೆಲಕ್ಕಿಂತ ಇನ್‌ಸೋಲ್ ಮೇಲೆ ಬೆರಳು ಸಲೀಸಾಗಿ ಏಳಬೇಕು. ಇನ್ನೂ ಕಷ್ಟವಾದರೆ ಉಬ್ಬು ಮುಂದೆ ಬಂದು ಹೆಬ್ಬೆರಳ ಹಿಂದಿನ ಮೂಳೆಯನ್ನು ತಡೆಯುತ್ತಿದೆ. ಎತ್ತರ ಮುಟ್ಟಬೇಡಿ. ಬಿಲ್ಲೆಯನ್ನು 2 ಮಿ.ಮೀ. ಹಿಂದಕ್ಕೆ ಸರಿಸಿ, ಮತ್ತೆ ನಿಂತು ಬೆರಳು ಎತ್ತಿಸಿ ನೋಡಿ.